ನೀರುಗಂಟಿಯ ಲೆಕ್ಕವನ್ನು ಓದುವವರು

ನಮ್ಮ ಕಡೆಯ ಹಳ್ಳಿಗಳಲ್ಲಿ ನೀರುಗಂಟಿ ಎಂಬೊಬ್ಬ ಇರುತ್ತಿದ್ದ. ಕೆಲವು ಊರುಗಳಲ್ಲಿ ಇನ್ನೂ ಇದ್ದಾನೆ. "ಮೇಲಿನ ಬಯಲಿಗೆ ನೀರು ಬಿಡಪ್ಪ" ಎಂದಷ್ಟೇ ಊರಿನ ಯಜಮಾನರು ಹೇಳುತ್ತಾರೆ. ತೂಬಿನ ಬಾಯಿ ಹೂಳಿನಿಂದ ಕಟ್ಟಿದೆಯೆ, ಎಷ್ಟು ಎತ್ತಿದರೆ ಎಷ್ಟು ನೀರು ಹರಿಯುತ್ತದೆ, ಯಾವ ಬದುವಿನಲ್ಲಿ ಏಡಿ ಬಿಲ ತೋಡಿದೆ, ಇವೆಲ್ಲ ಯಜಮಾನರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಅದು ನೀರುಗಂಟಿಯ ವಿದ್ಯೆ. ಅವನು ಸರಿಯಾಗಿದ್ದರೆ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ಒಂದು ರಾತ್ರಿ ಅವನು ಮೈಮರೆತು ಮಲಗಿದರೆ ಮಾತ್ರ ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಅವನ ಹೆಸರನ್ನು ಕೂಗುತ್ತದೆ.

ಗಣಕಯಂತ್ರದ ಒಳಗೂ ಇಂಥ ನೀರುಗಂಟಿಗಳಿದ್ದಾರೆ. ಇಂಗ್ಲಿಷಿನಲ್ಲಿ ಅವರಿಗೆ ಡ್ರೈವರುಗಳೆಂದು ಹೆಸರು. ಈ ಹೆಸರು ಕೇಳಿದೊಡನೆ ಬಸ್ಸಿನ ಚಾಲಕ ನೆನಪಿಗೆ ಬರುವುದು ಸಹಜ. ಆದರೆ ನಾನು ಹೇಳುತ್ತಿರುವ ಡ್ರೈವರು ಮನುಷ್ಯನಲ್ಲ, ಬರೆಹ. ಕೆಲವು ನೂರು ಅಥವಾ ಕೆಲವು ಸಾವಿರ ಸಾಲುಗಳ ಒಂದು ಬರೆಹ. ಆ ಬರೆಹವನ್ನು ಓದಿ, ತಪ್ಪು ಹುಡುಕಿ, ತಿದ್ದಿಸಿ, ಕೊನೆಗೆ ಅದರ ಕೆಳಗೆ ತಮ್ಮ ಹೆಸರನ್ನೂ ಸಾಕ್ಷಿಯಾಗಿ ಹಾಕುವ ಕೆಲವರಿದ್ದಾರೆ. ಈ ಹೊತ್ತು ಅವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಳಗನ್ನಡ ವ್ಯಾಕರಣ ಕಲಿಸುವ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಮ್ಮ ಪೂರಿಗಾಲಿಯ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿ ಕುಳಿತು ಸಂಧಿ ಸಮಾಸಗಳನ್ನು ಕಲಿತವನು. ಈಗ ಬೆಂಗಳೂರಿನಲ್ಲಿ ಗಣಕಗಳಿಗೆ ಬೇಕಾದ ಸಣ್ಣ ಬಿಲ್ಲೆಗಳನ್ನು, ಅಂದರೆ ಚಿಪ್ಪುಗಳನ್ನು, ರೂಪಿಸುವ ಕಡೆ ಕೆಲಸದಲ್ಲಿದ್ದಾನೆ. ಕಳೆದ ಊರಹಬ್ಬಕ್ಕೆ ಬಂದವನು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಮುಖ ಬಾಡಿಸಿಕೊಂಡಿದ್ದ. "ಏನಪ್ಪ?" ಎಂದೆ. "ಮೇಷ್ಟ್ರೆ, ನಾನು ಬರೆದದ್ದನ್ನು ನಾಲ್ಕನೆಯ ಸಲ ವಾಪಸು ಕಳಿಸಿದ್ದಾರೆ" ಎಂದ. ಬರೆದದ್ದು ಎಂದರೆ ಕಥೆಯೋ ಕವನವೋ ಎಂದುಕೊಂಡೆ. ಅವನು ಮಡಿಲ ಮೇಲಿನ ಗಣಕವನ್ನು ತೆರೆದು ತೋರಿಸಿದ. ಎಡಬದಿಯಲ್ಲಿ ಕೂಡಿಸುವ ಚಿಹ್ನೆ, ಕಳೆಯುವ ಚಿಹ್ನೆ, ಅವನ ಸಾಲುಗಳು, ಸಾಲುಗಳ ನಡುನಡುವೆ ಇನ್ನಾರೋ ಬರೆದ ಟಿಪ್ಪಣಿಗಳು. ನನಗೆ ಭಾಷೆ ಗೊತ್ತಾಗಲಿಲ್ಲ. ಆದರೆ ಅದು ಏನೆಂಬುದು ಒಂದೇ ನೋಟಕ್ಕೆ ಗೊತ್ತಾಯಿತು. ಮೂವತ್ತು ವರ್ಷ ಕೆಂಪು ಶಾಯಿಯಲ್ಲಿ ಕೈ ಅದ್ದಿದವನಿಗೆ ತಿದ್ದಿದ ಪುಟ ಅಪರಿಚಿತವಾಗುವುದುಂಟೆ? ಅಂದಿನಿಂದ ಅವನನ್ನು ಕೇಳಿ ಕೇಳಿ ತಿಳಿದುಕೊಂಡದ್ದರಲ್ಲಿ ಸ್ವಲ್ಪವನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಊರಿನ ಯಜಮಾನನ ವಿಚಾರ. ಗಣಕದ ಎಲ್ಲ ಕೆಲಸಗಳನ್ನೂ ಮೇಲಿನಿಂದ ನೋಡಿಕೊಳ್ಳುವ ಮೂಲ ವ್ಯವಸ್ಥೆಯೊಂದಿದೆ. ಅದರ ಹೃದಯಭಾಗಕ್ಕೆ ಕರ್ನಲ್ ಎನ್ನುತ್ತಾರೆ. ತಿರುಳು ಎಂದರೆ ಸರಿಹೋದೀತು. ಯಾರಿಗೆ ಎಷ್ಟು ಸ್ಮೃತಿಯ ಜಾಗ, ಯಾರ ಸರದಿ ಮೊದಲು, ಯಾರದು ಆಮೇಲೆ ಎಂಬುದನ್ನೆಲ್ಲ ನಿರ್ಣಯಿಸುವುದು ಅದು. ಲಿನಕ್ಸ್ ಎಂಬ ಕರ್ನಲನ್ನು ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ತೋರ್ವಾಲ್ಡ್ಸ್ ಬರೆಯತೊಡಗಿದ. ಆಗ ಅದರ ಗಾತ್ರ ಸುಮಾರು ೧೦ ಸಾವಿರ ಸಾಲು. ೨೦೨೫ರ ಆರಂಭದಲ್ಲಿ ಅದು ೪ ಕೋಟಿ ಸಾಲುಗಳನ್ನು ದಾಟಿತು. ಬರೆದದ್ದನ್ನು ಮುಚ್ಚಿಡದೆ ಎಲ್ಲರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಕರಾರಿನ ಮೇಲೆ ಅದು ಬೆಳೆದಿದೆ. ಆಂಡ್ರಾಯ್ಡ್ ಎಂಬ ಹೆಸರಿನ ಕೈಫೋನು ತಮ್ಮ ಮನೆಯಲ್ಲಿದ್ದರೆ ಅದರೊಳಗಿರುವ ತಿರುಳು ಇದೇ.

ಈ ೪ ಕೋಟಿ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದು ಡ್ರೈವರುಗಳ ಪಾಲು. ಇದು ನನಗೆ ಆಶ್ಚರ್ಯವಾಗಿ ಕಂಡಿತು. ಯಜಮಾನನಿಗಿಂತ ನೀರುಗಂಟಿಗಳೇ ಹೆಚ್ಚು! ಆದರೆ ಯೋಚಿಸಿದರೆ ಸರಿಯೇ. ಕೀಲಿಮಣೆ ಬೇರೆ, ಪರದೆ ಬೇರೆ, ಧ್ವನಿಪೆಟ್ಟಿಗೆ ಬೇರೆ, ಕ್ಯಾಮೆರಾ ಬೇರೆ; ಒಂದೊಂದರಲ್ಲಿಯೂ ನೂರಾರು ತಯಾರಕರು, ಒಬ್ಬೊಬ್ಬ ತಯಾರಕನಲ್ಲಿಯೂ ಹಲವು ಮಾದರಿಗಳು. ಒಂದೊಂದು ಯಂತ್ರಕ್ಕೂ ಅದರದೇ ತೂಬು, ಅದರದೇ ಹೂಳು. "ಶಬ್ದ ಮಾಡು" ಎಂದು ಕರ್ನಲ್ ಹೇಳಿದರೆ, ಈ ಧ್ವನಿಪೆಟ್ಟಿಗೆಯ ಯಾವ ಕೋಣೆಯಲ್ಲಿ ಯಾವ ಸಂಖ್ಯೆಯನ್ನು ಬರೆದರೆ ಶಬ್ದ ಬರುತ್ತದೆ ಎಂಬುದನ್ನು ಬಲ್ಲದ್ದು ಡ್ರೈವರು. ಬಿಲ್ಲೆಯ ಒಳಗೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ರಿಜಿಸ್ಟರ್ ಎಂದು ಅವಕ್ಕೆ ಹೆಸರು. ಅದರಲ್ಲಿ ತಪ್ಪು ಅಂಕೆಯನ್ನು ಬರೆದರೆ ಕೆಲವು ಸಲ ಏನೂ ಆಗುವುದಿಲ್ಲ. ಕೆಲವು ಸಲ ಯಂತ್ರವೇ ಕೆಟ್ಟುಹೋಗುತ್ತದೆ.

ಇಂಥ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿಗೆ ಬಂದದ್ದು ೧೯೮೫ರಲ್ಲಿ. ಆ ಬಳಿಕ ಬಿಲ್ಲೆಗಳ ವಿನ್ಯಾಸವೂ ಅವಕ್ಕೆ ಬೇಕಾದ ಬರೆಹವೂ ಇಲ್ಲಿ ಬೆಳೆದವು. ೨೦೦೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಮೂವರು ಎಂಜಿನಿಯರುಗಳೂ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ನಾಡಿನ ಮುಂದಿಟ್ಟರು. ಓದು ಬಾರದವನಿಗೂ ಉಪಯೋಗಕ್ಕೆ ಬರಬೇಕು, ಕನ್ನಡವೂ ಸೇರಿ ನಮ್ಮ ಭಾಷೆಗಳನ್ನು ಮಾತಾಡಬೇಕು ಎಂಬುದು ಅವರ ಹಂಬಲ. ಅದರೊಳಗಿದ್ದ ತಿರುಳೂ ಲಿನಕ್ಸೇ. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅದರ ಒಂದು ರೂಪ ಅಂಗಡಿಗೂ ಬಂತು. ಮಾರಾಟದಲ್ಲಿ ಅದು ಗೆಲ್ಲಲಿಲ್ಲ. ಆದರೆ ಬೇರೆಯವರ ಯಂತ್ರಕ್ಕೆ ಬೇರೆಯವರ ಬರೆಹವನ್ನು ತಂದು ಹಾಕುವುದಲ್ಲದೆ, ನಾವೇ ಮಾಡಿದ ಹಲಗೆಗೆ, ನಾವೇ ಜೋಡಿಸಿದ ಸ್ಪರ್ಶಪರದೆಗೆ ಆ ಮುಕ್ತ ತಿರುಳನ್ನು ಹೊಂದಿಸುವ ಕೆಲಸವನ್ನು ನಮ್ಮವರು ಆ ಕಾಲಕ್ಕೇ ಮಾಡಿದ್ದರು ಎಂಬುದನ್ನು ಮರೆಯಬಾರದು. ೨೦೦೧ರಿಂದ ವರ್ಷವರ್ಷವೂ ಬೆಂಗಳೂರಿನಲ್ಲಿ ಲಿನಕ್ಸ್ ಸಮ್ಮೇಳನ ನಡೆಯಿತು. ೨೦೦೫ರಿಂದ ಅದು ಹೆಸರು ಬದಲಾಯಿಸಿಕೊಂಡು ೨೦೧೨ರ ವರೆಗೂ ಸೇರಿತು. ನನ್ನ ಶಿಷ್ಯ ಆಗ ನಮ್ಮ ಶಾಲೆಯಲ್ಲಿ ಕಾಗುಣಿತ ತಪ್ಪುತ್ತಿದ್ದ.

ಇರಲಿ, ಅವನ ಬರೆಹಕ್ಕೆ ಬರೋಣ. ಅವನು ಬರೆದದ್ದು ಉಷ್ಣತೆಯನ್ನು ಅಳೆಯುವ ಒಂದು ಸಣ್ಣ ಬಿಲ್ಲೆಯ ಡ್ರೈವರು. ಅವನ ಮೇಜಿನ ಮೇಲೆ ಅದು ಚೆನ್ನಾಗಿ ಕೆಲಸ ಮಾಡಿತ್ತು. "ಕೆಲಸ ಮಾಡುತ್ತಿದೆ ಮೇಷ್ಟ್ರೆ, ಆದರೂ ಬೇಡ ಅಂತಾರೆ" ಎಂಬುದು ಅವನ ದೂರು. ಪರಿಶೋಧಕರ ಟಿಪ್ಪಣಿಗಳನ್ನು ಅವನಿಂದಲೇ ಬಿಡಿಸಿ ಹೇಳಿಸಿದೆ.

ಮೊದಲನೆಯದು ಹೀಗಿತ್ತು. ಬಿಲ್ಲೆಯನ್ನು ಎಬ್ಬಿಸುವಾಗ ಡ್ರೈವರು ಮೊದಲು ಅದಕ್ಕೆ ವಿದ್ಯುತ್ತು ಕೊಡಿಸುತ್ತದೆ. ಆಮೇಲೆ ಅದರ ಗಡಿಯಾರವನ್ನು ನಡೆಸುತ್ತದೆ. ಆಮೇಲೆ ಸ್ಮೃತಿಯಲ್ಲಿ ಜಾಗ ಕೇಳುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ತಕರಾರಿಲ್ಲ. ಮೂರನೆಯ ಹೆಜ್ಜೆಯಲ್ಲಿ ಜಾಗ ಸಿಕ್ಕದೆ ಹೋದರೆ? ನನ್ನ ಶಿಷ್ಯ "ಆಗಲಿಲ್ಲ" ಎಂದು ಹೇಳಿ ಹಿಂದಿರುಗಿಬಿಟ್ಟಿದ್ದ. ಗಡಿಯಾರ ನಡೆಯುತ್ತಲೇ ಇತ್ತು, ವಿದ್ಯುತ್ತು ಹರಿಯುತ್ತಲೇ ಇತ್ತು. ಮೂರನೆಯ ಗದ್ದೆಯ ಬದು ಒಡೆದಿದೆ ಎಂದು ಮನೆಗೆ ನಡೆದ ನೀರುಗಂಟಿ ಮೊದಲೆರಡು ತೂಬುಗಳನ್ನು ಮುಚ್ಚದೆ ಹೋದ ಹಾಗೆ. ತೆರೆದ ಕ್ರಮಕ್ಕೆ ತಿರುಗುಮುರುಗಾಗಿ ಮುಚ್ಚುತ್ತ ಬರಬೇಕು: ಕೊನೆಗೆ ತೆರೆದದ್ದು ಮೊದಲು, ಮೊದಲು ತೆರೆದದ್ದು ಕೊನೆಗೆ. ಡ್ರೈವರುಗಳಲ್ಲಿ ಪರಿಶೋಧಕರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ತಪ್ಪುಗಳಲ್ಲಿ ಇದೊಂದಂತೆ. ಏಕೆಂದರೆ ಬರೆಯುವವನ ಮೇಜಿನ ಮೇಲೆ ಮೂರನೆಯ ಹೆಜ್ಜೆ ಎಂದೂ ತಪ್ಪುವುದಿಲ್ಲ. ಆ ದಾರಿಯಲ್ಲಿ ಅವನು ಒಮ್ಮೆಯೂ ನಡೆದಿರುವುದಿಲ್ಲ. ಓದುವವನು ಮಾತ್ರ, ಅದೂ ಮನಸ್ಸಿನಲ್ಲಿ, ಅಲ್ಲಿಗೆ ಹೋಗಿಬರುತ್ತಾನೆ.

ಎರಡನೆಯ ಟಿಪ್ಪಣಿ ನನಗೆ ಬಹಳ ಹಿಡಿಸಿತು. ಬಿಸಿ ಮಿತಿಮೀರಿದಾಗ ಬಿಲ್ಲೆ ತಾನಾಗಿ ಕರ್ನಲನ್ನು ಕೂಗಿ ಕರೆಯುತ್ತದೆ. ಆ ಕೂಗಿಗೆ ಓಗೊಡುವ ಏರ್ಪಾಟನ್ನು ಶಿಷ್ಯ ಮೊದಲು ಮಾಡಿ, ಬಂದ ಸುದ್ದಿಯನ್ನು ಬರೆದಿಡುವ ಜಾಗವನ್ನು ಆಮೇಲೆ ಸಿದ್ಧಪಡಿಸಿದ್ದ. ಎರಡಕ್ಕೂ ನಡುವೆ ಇರುವ ಹೊತ್ತು ಕಣ್ಣು ಮಿಟುಕಿಸುವುದರಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲ. ಆದರೆ ಆ ಕ್ಷಣದಲ್ಲಿಯೇ ಬಿಲ್ಲೆ ಕೂಗಿದರೆ? ನೆಂಟರನ್ನು ಬಾಗಿಲಲ್ಲಿ ಬರಮಾಡಿಕೊಂಡು ಒಳಗೆ ಚಾಪೆಯೇ ಇಲ್ಲದ ಹಾಗೆ. ಇಡೀ ಯಂತ್ರ ಅಲ್ಲಿಯೇ ಕುಸಿಯುತ್ತದೆ. ಸಾವಿರ ಯಂತ್ರಗಳಲ್ಲಿ ಒಂದರಲ್ಲಿ, ವರ್ಷಕ್ಕೊಮ್ಮೆ. ಅಂಥದನ್ನು ಪರೀಕ್ಷೆ ಮಾಡಿ ಹಿಡಿಯುವುದು ದುಸ್ತರ, ಓದಿ ಹಿಡಿಯಬಹುದು. ಸಾಲುಗಳ ಕ್ರಮವನ್ನು ನೋಡಿದೊಡನೆ ಅನುಭವಿಗೆ ಹೊಳೆಯುತ್ತದೆ.

ಮೂರನೆಯದಕ್ಕೆ ನಾನು ನಕ್ಕುಬಿಟ್ಟೆ. ಒಂದೇ ವಸ್ತುವನ್ನು ಇಬ್ಬರು ಏಕಕಾಲದಲ್ಲಿ ಮುಟ್ಟಬಾರದೆಂದು ಬೀಗ ಹಾಕಿಕೊಳ್ಳುವ ಪದ್ಧತಿಯಿದೆ. ಬೀಗಗಳಲ್ಲಿ ಒಂದು ಜಾತಿಯದನ್ನು ಹಿಡಿದಿರುವಾಗ ನಿದ್ದೆ ಮಾಡಕೂಡದು, ಎಂದರೆ ಬೇರೇನೋ ಆಗಲೆಂದು ಕಾಯುತ್ತ ಮಲಗಕೂಡದು. ಶಿಷ್ಯ ಮಹಾಶಯ ಬೀಗ ಹಿಡಿದು, ಬಿಲ್ಲೆಯ ಉತ್ತರಕ್ಕಾಗಿ ಇಪ್ಪತ್ತು ಮಿಲಿಸೆಕೆಂಡು ಮಲಗಿದ್ದ. ತೂಬಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಣಸೆಮರದ ಕೆಳಗೆ ಗೊರಕೆ ಹೊಡೆದ ನೀರುಗಂಟಿ ಇವನೇ! ತರಗತಿಯಲ್ಲಿಯೂ ಮಧ್ಯಾಹ್ನದ ಪಾಠದ ಹೊತ್ತಿಗೆ ಇವನದು ಇದೇ ಅಭ್ಯಾಸ ಎಂದು ನೆನಪಿಸಿದೆ. ಅವನೂ ನಕ್ಕ. ಅಲ್ಲಿಂದ ಸ್ವಲ್ಪ ಹಗುರಾದ.

ಬರೆಹದ ಜೊತೆಗೆ ಒಂದು ಒಕ್ಕಣೆಯನ್ನೂ ಬರೆಯಬೇಕು: ಏನು ಮಾಡಿದ್ದೇನೆ, ಏಕೆ ಮಾಡಿದ್ದೇನೆ ಎಂದು. ಅದನ್ನು ವಿಧ್ಯರ್ಥದಲ್ಲಿ ಬರೆಯಬೇಕೆಂಬ ನಿಯಮವಿದೆ ಎಂದು ಕೇಳಿ ನನಗೆ ರೋಮಾಂಚನವಾಯಿತು. "ಈ ತಿದ್ದುಪಡಿಯು ಹೀಗೆ ಮಾಡುತ್ತದೆ" ಎನ್ನುವಂತಿಲ್ಲ; "ಹೀಗೆ ಮಾಡು" ಎಂದು, ಮೂಲ ಬರೆಹಕ್ಕೇ ಆಜ್ಞೆ ಕೊಡುವ ಹಾಗೆ ಬರೆಯಬೇಕು. ಕೇಶಿರಾಜನ ಕಾಲದಿಂದ ನಾವು ಕಲಿಸಿಕೊಂಡು ಬಂದ ಕ್ರಿಯಾಪದದ ವಿಚಾರ ಇಲ್ಲಿಗೂ ಬಂತಲ್ಲ! ಜಾಲ ವಿಭಾಗದವರದು ಇನ್ನೊಂದು ಆಚಾರ. ಹೆಸರುಗಳನ್ನು ಸಾರುವ ಸಾಲುಗಳಲ್ಲಿ ಉದ್ದನೆಯದು ಮೊದಲು, ಗಿಡ್ಡನೆಯದು ಕೊನೆಗೆ; ನೋಡಿದರೆ ತಲೆಕೆಳಗಾದ ಗೋಪುರ. ಇದು ಚಿತ್ರಕವಿತ್ವವೇ ಸರಿ. ಇದರಿಂದ ಯಂತ್ರಕ್ಕೇನೂ ಲಾಭವಿಲ್ಲ. ಓದುವವರ ಕಣ್ಣಿಗೆ ಒಂದು ರೂಢಿ, ಅಷ್ಟೇ. ಇಂಥ ಆಚಾರಗಳನ್ನು ಅತಿಮಾಡಿದರೆ ಮಡಿವಂತಿಕೆಯಾದೀತೆಂದು ನನ್ನ ಅಭಿಪ್ರಾಯ, ಶಿಷ್ಯ ಒಪ್ಪಲಿಲ್ಲ.

ಈ ಪರಿಶೋಧಕರ ಒಂದು ಕಷ್ಟವನ್ನು ಮಾತ್ರ ತಾವು ಮನಸ್ಸಿಗೆ ತಂದುಕೊಳ್ಳಬೇಕು. ಯಾವ ಬಿಲ್ಲೆಯ ಡ್ರೈವರನ್ನು ಓದುತ್ತಿದ್ದಾರೋ ಆ ಬಿಲ್ಲೆ ಅನೇಕ ವೇಳೆ ಅವರ ಬಳಿ ಇರುವುದಿಲ್ಲ. ಅದನ್ನು ಕಂಡೇ ಇರುವುದಿಲ್ಲ. ತಯಾರಕರ ಕೈಪಿಡಿ ಕೆಲವು ಸಲ ಸಿಗುತ್ತದೆ, ಕೆಲವು ಸಲ ಗುಟ್ಟು. ಕಣ್ಣ ಮುಂದಿರುವುದು ಬರೆಹವೊಂದೇ. ಆ ಬರೆಹದಿಂದಲೇ ಯಂತ್ರವನ್ನು ಊಹಿಸಿಕೊಂಡು, ಅದು ಎಲ್ಲಿ ಮುಗ್ಗರಿಸೀತೆಂದು ಹೇಳಬೇಕು.

ಇದು ನಮಗೆ, ಹಳೆಯ ಗ್ರಂಥಗಳನ್ನು ಓದುವವರಿಗೆ, ಚೆನ್ನಾಗಿ ಗೊತ್ತಿರುವ ಕಷ್ಟ. ಕವಿ ಎದುರಿಗಿಲ್ಲ. ಅವನ ಕೈಬರೆಹವೂ ಇಲ್ಲ. ಯಾವನೋ ಲಿಪಿಕಾರ ಬರೆದ ಓಲೆಗರಿಯ ಪ್ರತಿಯನ್ನು ನೋಡಿ ಇನ್ನೊಬ್ಬ ಬರೆದ ಪ್ರತಿ ನಮ್ಮ ಮುಂದಿದೆ. ಅದರಲ್ಲಿ ಅಕ್ಷರ ಬಿಟ್ಟಿದೆ, ಸಾಲು ಹಾರಿದೆ, ಛಂದಸ್ಸು ಕೆಟ್ಟಿದೆ. ಪಂಪಭಾರತ ಮೊದಲು ಅಚ್ಚಾದದ್ದು ೧೮೯೮ರಲ್ಲಿ, ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಪರಿಷ್ಕೃತ ಮುದ್ರಣ ಬಂದದ್ದು ೧೯೩೧ರಲ್ಲಿ. ನಡುವೆ ಮೂವತ್ತಮೂರು ವರ್ಷ. ಈ ಪರಿಷ್ಕರಣದ ಕೆಲಸಕ್ಕೆ ಒಂದು ಶಾಸ್ತ್ರವಿದೆಯೆಂಬುದನ್ನು ಡಿ. ಎಲ್. ನರಸಿಂಹಾಚಾರ್ಯರು ೧೯೬೪ರಲ್ಲಿ 'ಕನ್ನಡ ಗ್ರಂಥಸಂಪಾದನೆ' ಎಂಬ ಗ್ರಂಥದಲ್ಲಿ ವಿವರಿಸಿದರು. ನಮ್ಮ ಪಂಡಿತ ಪರೀಕ್ಷೆಯ ಕಾಲದಲ್ಲಿ ಅದನ್ನು ಓದಿ ತಲೆ ಬಿಸಿಮಾಡಿಕೊಂಡವರು ನಾವು.

ಒಂದು ವ್ಯತ್ಯಾಸವುಂಟು, ಅದನ್ನು ಹೇಳಿದರೆ ಗ್ರಂಥಸಂಪಾದಕರಿಗೆ ಹೊಟ್ಟೆಕಿಚ್ಚಾದೀತು. ಕರ್ನಲಿನ ಬರೆಹದಲ್ಲಿ ಯಾವ ಸಾಲನ್ನು ಯಾರು, ಯಾವ ದಿನ, ಯಾವ ಕಾರಣಕ್ಕಾಗಿ ಸೇರಿಸಿದರು ಎಂಬುದೆಲ್ಲ ದಾಖಲೆಯಾಗಿ ಉಳಿಯುತ್ತದೆ. ೨೦೦೫ರಲ್ಲಿ ತೋರ್ವಾಲ್ಡ್ಸ್ ಇದಕ್ಕೆಂದೇ ಗಿಟ್ ಎಂಬ ಸಾಧನವನ್ನು ರಚಿಸಿದ. ಪಾಠಾಂತರಗಳೆಲ್ಲ ಅಲ್ಲಿ ಭದ್ರ. ಕುಮಾರವ್ಯಾಸನ ಓಲೆಗರಿಗೆ ಇಂಥದೊಂದು ಇದ್ದಿದ್ದರೆ ನಮ್ಮಂಥವರಿಗೆ ಉದ್ಯೋಗವೇ ಇರುತ್ತಿರಲಿಲ್ಲ.

ಪ್ರತಿಯೊಂದು ತಿದ್ದುಪಡಿಯ ಕೆಳಗೂ ರುಜುಗಳಿರುತ್ತವೆ. ಬರೆದವನು ತನ್ನ ಹೆಸರನ್ನು ಹಾಕಿ, ಇದನ್ನು ಕೊಡುವ ಹಕ್ಕು ನನಗಿದೆ ಎಂದು ಒಪ್ಪಿಕೊಳ್ಳುತ್ತಾನೆ; ಈ ಪದ್ಧತಿ ೨೦೦೪ರಿಂದ ಬಂದದ್ದು. ಯಂತ್ರವಿದ್ದು ಪರೀಕ್ಷಿಸಿ ನೋಡಿದವನದು ಬೇರೆ ರುಜು. ಓದಿ ಒಪ್ಪಿದವನದು ಇನ್ನೊಂದು. ಈ ಕೊನೆಯದು ನಮ್ಮ ಕ್ರಯಪತ್ರದ ಕೆಳಗಿನ ಸಾಕ್ಷಿಯ ರುಜುವಿಗಿಂತ ಭಾರವಾದದ್ದು. ಪತ್ರದ ಸಾಕ್ಷಿ ಎಷ್ಟೋ ವೇಳೆ ಪತ್ರವನ್ನು ಓದಿಯೇ ಇರುವುದಿಲ್ಲ. ಇಲ್ಲಿ ಓದಿದ್ದೇನೆ, ನನಗೆ ತಿಳಿದ ಮಟ್ಟಿಗೆ ದೋಷವಿಲ್ಲ ಎಂದು ಲೋಕದ ಮುಂದೆ ಹೇಳಿದ ಹಾಗೆ.

ಓದಿಯೂ ತಪ್ಪು ನುಸುಳುವುದುಂಟು. ೨೦೦೮ರ ಸೆಪ್ಟೆಂಬರಿನ ಪ್ರಕರಣವೊಂದನ್ನು ಶಿಷ್ಯ ಹೇಳಿದ. ಲಿನಕ್ಸಿನ ೨.೬.೨೭ನೆಯ ಆವೃತ್ತಿ ಇನ್ನೂ ಪರೀಕ್ಷೆಯಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಗಣಕಗಳಲ್ಲಿ ಇಂಟೆಲ್ ಸಂಸ್ಥೆಯ ಜಾಲಬಿಲ್ಲೆಗಳು ಸತ್ತವು. ಗಣಕವನ್ನು ಆರಿಸಿ ಹೊತ್ತಿಸಿದರೂ ಏಳಲಿಲ್ಲ. ಬಿಲ್ಲೆ ತನ್ನ ಗುರುತನ್ನು ಬರೆದಿಟ್ಟುಕೊಳ್ಳುವ ಶಾಶ್ವತ ಸ್ಮೃತಿಯ ಮೇಲೆಯೇ ಏನೋ ಗೀಚಲಾಗಿತ್ತು. ಎಲ್ಲರೂ ಆ ಬಿಲ್ಲೆಯ ಡ್ರೈವರಿನ ಮೇಲೆ ಬೆರಳು ತೋರಿದರು. ಹಂಚುವವರು ಆ ಡ್ರೈವರನ್ನೇ ತೆಗೆದಿಟ್ಟರು. ಡ್ರೈವರಿನವರು ಸಾಲುಸಾಲನ್ನೂ ಮತ್ತೆ ಓದಿದರು. ಸಣ್ಣಪುಟ್ಟ ದೋಷಗಳು ಸಿಕ್ಕವು, ಕಳ್ಳ ಸಿಕ್ಕಲಿಲ್ಲ. ಅಕ್ಟೋಬರಿನಲ್ಲಿ ತಿಳಿದದ್ದು ಇದು: ಕರ್ನಲಿನ ನಡೆಯನ್ನು ಗಮನಿಸುವ ಬೇರೊಂದು ಸಾಧನ ತಾನು ಭೇಟಿ ಕೊಡಬೇಕಾದ ವಿಳಾಸಗಳ ಪಟ್ಟಿಯನ್ನು ಇಟ್ಟುಕೊಂಡಿತ್ತು. ಅವುಗಳಲ್ಲಿ ಒಂದು ಮನೆ ಖಾಲಿಯಾಯಿತು. ಆ ವಿಳಾಸವನ್ನು ಜಾಲಬಿಲ್ಲೆಗೆ ಕೊಟ್ಟರು. ಪಟ್ಟಿಯಲ್ಲಿ ಹಳೆಯದು ಹಾಗೆಯೇ ಉಳಿದಿತ್ತು. ಸಾಧನ ತನ್ನ ಪಾಡಿಗೆ ಹೋಗಿ ಆ ಗೋಡೆಯ ಮೇಲೆ ಗುರುತು ಬರೆಯಿತು. ಗೋಡೆ ಈಗ ಇನ್ನೊಬ್ಬನ ಲೆಕ್ಕದ ಪುಸ್ತಕವಾಗಿತ್ತು. ಆ ಸಾಧನವನ್ನು ಓದಿದವರು ಡ್ರೈವರನ್ನು ಓದಿರಲಿಲ್ಲ, ಡ್ರೈವರನ್ನು ಓದಿದವರು ಆ ಸಾಧನವನ್ನು ಓದಿರಲಿಲ್ಲ. ಆ ಕೆಲವು ವಾರ ನಿರಪರಾಧಿಯಾದ ನೀರುಗಂಟಿ ಬೈಸಿಕೊಂಡ.

ತಿಳಿಯದೆ ಆದ ತಪ್ಪಿಗೆ ಲಿಪಿಕಾರನ ಸ್ಖಾಲಿತ್ಯ ಎನ್ನುತ್ತೇವೆ. ತಿಳಿದೂ ನಡುವೆ ತನ್ನದನ್ನು ಸೇರಿಸಿದರೆ ಅದು ಪ್ರಕ್ಷಿಪ್ತ. ಕರ್ನಲಿಗೂ ಪ್ರಕ್ಷಿಪ್ತದ ಪ್ರಯತ್ನ ನಡೆಯಿತು. ೨೦೨೦ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಪರಿಶೋಧಕರು ಎಷ್ಟರ ಮಟ್ಟಿಗೆ ಎಚ್ಚರವಾಗಿದ್ದಾರೆಂದು ನೋಡಲು, ಬೇಕೆಂದೇ ದೋಷವಿಟ್ಟ ತಿದ್ದುಪಡಿಗಳನ್ನು ಬೇರೆ ಹೆಸರಿನಲ್ಲಿ ಕಳುಹಿಸಿದರು. ೨೦೨೧ರ ಏಪ್ರಿಲಿನಲ್ಲಿ ವಿಷಯ ದೊಡ್ಡದಾಯಿತು. ಆ ವಿಶ್ವವಿದ್ಯಾಲಯದಿಂದ ಏನೂ ಬೇಡವೆಂದು ಕರ್ನಲಿನ ಹಿರಿಯ ಪಾಲಕ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಹೇಳಿಬಿಟ್ಟರು. ಸಂಶೋಧಕರು ಕ್ಷಮೆ ಕೇಳಿದರು, ಪ್ರಬಂಧವನ್ನು ಹಿಂತೆಗೆದುಕೊಂಡರು. ದೋಷವಿಟ್ಟು ಕಳುಹಿಸಿದ್ದು ಒಳಕ್ಕೆ ಸೇರಿರಲಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ವಿಶ್ವಾಸ ಕೆಟ್ಟಮೇಲೆ ಏನು ಮಾಡುವುದು? ಆ ಕಡೆಯಿಂದ ಹಿಂದೆ ಪ್ರಾಮಾಣಿಕವಾಗಿಯೇ ಬಂದಿದ್ದವೂ ಸೇರಿ ೪೩೫ ತಿದ್ದುಪಡಿಗಳನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು. ಸರಿಪಡಿಸಬೇಕಾದ ತಪ್ಪು ಕಂಡದ್ದು ೩೯ರಲ್ಲಿ. ಅವು ದುರುದ್ದೇಶದವಲ್ಲ, ಎಲ್ಲರೂ ಮಾಡುವಂಥವು. ಸಂಬಳವಿಲ್ಲದೆ ಎಷ್ಟೋ ಜನ ವಾರಗಟ್ಟಲೆ ಕಣ್ಣು ಸುಟ್ಟುಕೊಂಡರು. ಸಂಶೋಧನೆಯ ಹೆಸರಿನಲ್ಲಿ ಹೀಗೆ ಮಾಡಬಹುದೆ ಎಂಬುದಕ್ಕೆ ನನ್ನ ಉತ್ತರ, ಮಾಡಬಾರದು. ಕಾವಲುಗಾರನ ನಿದ್ದೆಯನ್ನು ಪರೀಕ್ಷಿಸಲು ಊರಿನ ಕಣಜಕ್ಕೆ ಕಿಡಿ ಹಾರಿಸುವುದು ಯಾವ ನ್ಯಾಯ?

ಬರೆಹ ತೆರೆದಿದೆ, ಯಾರು ಬೇಕಾದರೂ ಓದಬಹುದು, ಆದ್ದರಿಂದ ತಪ್ಪು ಉಳಿಯುವುದಿಲ್ಲ ಎಂದು ಈ ಮುಕ್ತ ತಂತ್ರಾಂಶದ ಅಭಿಮಾನಿಗಳು ಹೇಳುವುದುಂಟು. ಇದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಗ್ರಂಥಾಲಯದ ಬಾಗಿಲು ತೆರೆದಿದ್ದ ಮಾತ್ರಕ್ಕೆ ಪುಸ್ತಕಗಳನ್ನು ಓದಿದ ಹಾಗಾಯಿತೆ? ೨೦೧೬ರ ಅಕ್ಟೋಬರಿನಲ್ಲಿ ಸರಿಪಡಿಸಿದ ಒಂದು ಗಂಡಾಂತರದ ದೋಷ ೨೦೦೭ರಿಂದ ಕರ್ನಲಿನಲ್ಲಿಯೇ ಕುಳಿತಿತ್ತು, ಎಲ್ಲರ ಕಣ್ಣೆದುರಿಗೆ, ಒಂಬತ್ತು ವರ್ಷ. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡುತ್ತದೆ. ಪ್ರತಿಯೊಂದರಲ್ಲಿಯೂ ೧೦ ಸಾವಿರಕ್ಕೆ ಮೇಲ್ಪಟ್ಟು ತಿದ್ದುಪಡಿಗಳು. ಬರೆಯುವವರು ಸಾವಿರಾರು ಮಂದಿ. ಕುಳಿತು ಓದುವವರು ಕಡಮೆ. ಯಾವ ಭಾಗಕ್ಕೆ ಯಾರು ಪಾಲಕರೆಂಬ ಪಟ್ಟಿಯೊಂದನ್ನು ಕರ್ನಲಿನ ಜೊತೆಯಲ್ಲಿಯೇ ಇಟ್ಟಿದ್ದಾರೆ. ಅದರಲ್ಲಿ ಕೆಲವು ಡ್ರೈವರುಗಳ ಮುಂದೆ 'ಅನಾಥ' ಎಂದು ಬರೆದಿರುತ್ತದೆಯಂತೆ. ಅದನ್ನು ಕೇಳಿ ನನಗೆ ಹೇಗೆ ಹೇಗೋ ಆಯಿತು. ಯಂತ್ರ ಎಲ್ಲೋ ಓಡುತ್ತಲೇ ಇರಬಹುದು. ಅದರ ನೀರುಗಂಟಿಯ ಲೆಕ್ಕವನ್ನು ನೋಡುವವರು ಯಾರೂ ಇಲ್ಲ.

ಇದು ದೂರದ ಮಾತೇನೂ ಅಲ್ಲ. ನಮ್ಮ ಪೂರಿಗಾಲಿಯ ಹೆಸರಿನಲ್ಲಿಯೇ ಹನಿ ನೀರಾವರಿಯ ಯೋಜನೆಯೊಂದನ್ನು ಸರ್ಕಾರ ಕೈಗೊಂಡಿದೆ. ಕೊಳವೆಗಳಲ್ಲಿ ನೀರು ಬಿಡುವ ಇಂಥ ಏರ್ಪಾಟುಗಳು ಬೆಳೆದಂತೆಲ್ಲ ತೂಬಿನ ಮೇಲೆ ಮನುಷ್ಯನ ಕೈಗೆ ಬದಲಾಗಿ ಯಂತ್ರದ ಕೈ ಬರುತ್ತದೆ. ಆ ಕೈಯನ್ನು ಆಡಿಸುವುದೂ ಒಂದು ಬರೆಹವೇ. ನೀರುಗಂಟಿ ತಪ್ಪು ಮಾಡಿದರೆ ಕಟ್ಟೆಯ ಬಳಿ ನಿಲ್ಲಿಸಿ ಕೇಳಬಹುದಾಗಿತ್ತು. ಬರೆಹವನ್ನು ಹಾಗೆ ಕೇಳಬೇಕಾದರೆ ಓದಬಲ್ಲವರು ಬೇಕು. ಈಚೆಗೆ ಕೃತಕ ಬುದ್ಧಿಯ ಯಂತ್ರಗಳು ಕೇಳಿದ ಕ್ಷಣದಲ್ಲಿ ಸಾಲುಗಟ್ಟಲೆ ಡ್ರೈವರನ್ನು ಬರೆದುಕೊಡುತ್ತವೆ. ೨೦೨೨ರಿಂದ ರಸ್ಟ್ ಎಂಬ ಇನ್ನೊಂದು ಭಾಷೆಯನ್ನೂ ಕರ್ನಲಿಗೆ ಸೇರಿಸಿಕೊಂಡಿದ್ದಾರೆ. ಬೀಗ, ಸ್ಮೃತಿಗಳ ಕೆಲವು ತಪ್ಪುಗಳನ್ನು ಅದು ಬರೆಯುವಾಗಲೇ ತಡೆಯುತ್ತದೆ. ಒಳ್ಳೆಯದೇ. ಆದರೆ ಈ ಕೋಣೆಯಲ್ಲಿ ಮೂರು ಬರೆಯಬೇಕೋ ಏಳು ಬರೆಯಬೇಕೋ ಎಂಬುದನ್ನು ಯಾವ ಭಾಷೆಯೂ ಹೇಳಿಕೊಡುವುದಿಲ್ಲ. ಬರೆಯುವುದು ಸುಲಭವಾದಷ್ಟೂ ಓದುವವರ ಮೇಜಿನ ಮೇಲಿನ ರಾಶಿ ಬೆಳೆಯುತ್ತದೆ.

ತಿದ್ದುವ ರೀತಿಯ ವಿಚಾರವಾಗಿಯೂ ಒಂದು ಮಾತು. ತೋರ್ವಾಲ್ಡ್ಸ್ ಬಹಳ ಕಾಲ ಒರಟು ಮಾತಿಗೆ ಹೆಸರಾಗಿದ್ದವನು. ಕೆಟ್ಟ ಬರೆಹವನ್ನು ಕಂಡರೆ ಬರೆದವನನ್ನೂ ಸೇರಿಸಿ ಬೈಯುತ್ತಿದ್ದ. ೨೦೧೮ರ ಸೆಪ್ಟೆಂಬರಿನಲ್ಲಿ ಅವನು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದು ಹಿಂದಿರುಗಿದ. ಅದನ್ನು ಕೇಳಿದಾಗ ನಾನು ಸುಮ್ಮನಾದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗನೊಬ್ಬನ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಅದರ ತಪ್ಪುಗಳಿಗೆ ಎಲ್ಲರನ್ನೂ ನಗಿಸಿದ್ದೆ. ಒಂದು ತಪ್ಪೂ ನಾನು ಕಲ್ಪಿಸಿದ್ದಲ್ಲ, ಎಲ್ಲವೂ ಅಲ್ಲಿ ಇದ್ದವೇ. ಆ ಹುಡುಗ ಮತ್ತೆ ಆ ವರ್ಷವೆಲ್ಲ ಅರ್ಧ ಪುಟಕ್ಕಿಂತ ಹೆಚ್ಚು ಬರೆಯಲಿಲ್ಲ. ಬರೆದ ಅರ್ಧ ಪುಟದಲ್ಲಿ ತಪ್ಪಿರುತ್ತಿರಲಿಲ್ಲ, ಬೇರೇನೂ ಇರುತ್ತಿರಲಿಲ್ಲ.

ನನ್ನ ಶಿಷ್ಯ ಹಬ್ಬ ಮುಗಿಸಿ ಹೊರಡುವ ಮುನ್ನ ತನ್ನ ಒಕ್ಕಣೆಯನ್ನು ನನಗೆ ಓದಿಹೇಳಿದ. ಒಂದು ವಾಕ್ಯದಲ್ಲಿ 'ಅದು' ಎಂದಿತ್ತು. "ಅದು ಎಂದರೆ ಯಾವುದಪ್ಪ, ಬಿಲ್ಲೆಯೋ ಗಡಿಯಾರವೋ?" ಎಂದು ಕೇಳಿದೆ. ಅವನು ಹುಬ್ಬುಗಂಟಿಕ್ಕಿ ನೋಡಿದ. ಎರಡೂ ಆಗಬಹುದಾಗಿತ್ತು. ಮೂರನೆಯ ಸಲ ವಾಪಸು ಬಂದಾಗ ಪರಿಶೋಧಕರಲ್ಲೊಬ್ಬರು ಇದನ್ನೇ ಕೇಳಿದ್ದರಂತೆ. ಇವನಿಗೆ ಆಗ ಅದು ಕೊಂಕಾಗಿ ಕಂಡಿತ್ತು. ಏಳನೆಯ ಸಲಕ್ಕೆ ಬರೆಹ ಅಂಗೀಕಾರವಾಯಿತು. ಕೆಳಗೆ ಅವನ ಹೆಸರು, ಅದರ ಕೆಳಗೆ ಅವನು ಎಂದೂ ಮುಖ ಕಾಣದ ಇಬ್ಬರ ಹೆಸರು.

ಈಗ ಅವನ ಸರದಿ. ಹೋದ ತಿಂಗಳು ಬಂದಾಗ ಯಾವುದೋ ದೇಶದ ತರುಣನೊಬ್ಬನ ಡ್ರೈವರನ್ನು ಓದಲು ಅವನಿಗೆ ಕೇಳಿದ್ದರು. ರಾತ್ರಿಯೆಲ್ಲ ಓದಿದ. ಮೂರನೆಯ ಹೆಜ್ಜೆ ತಪ್ಪಿದರೆ ಗಡಿಯಾರವನ್ನು ನಿಲ್ಲಿಸಿಲ್ಲ ಎಂಬ ಅದೇ ದೋಷ ಅಲ್ಲಿಯೂ ಇತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತ ತನ್ನ ಟಿಪ್ಪಣಿಯನ್ನು ತೋರಿಸಿದ. ದೋಷ ಯಾವ ಸಾಲಿನಲ್ಲಿದೆ, ಹೇಗೆ ಸರಿಮಾಡಬಹುದು ಎಂದು ಬರೆದು, ಕೊನೆಗೆ, ಇದು 'ಯಾರಿಗಾದರೂ ಕಾಣುವಂಥದು' ಎಂದು ಸೇರಿಸಿದ್ದ.

"ನಿನಗೆ ಕಂಡಿತ್ತೆ?" ಎಂದೆ.

ಅವನು ಆ ಎರಡು ಪದಗಳನ್ನು ಅಳಿಸಿ, ಟಿಪ್ಪಣಿಯನ್ನು ಕಳುಹಿಸಿದ.